ಮುಕ್ತ ತಂತ್ರಾಂಶಕ್ಕೂ ನಮ್ಮ ಖರ್ಚಿನ ಪುಸ್ತಕದಲ್ಲಿ ಒಂದು ಬಾಬ್ತು ಇರಲಿ

ವರ್ಷಾಂತ್ಯದಲ್ಲಿ ಲೆಕ್ಕಪತ್ರಗಳನ್ನು ಮುಗಿಸುವಾಗ ಯಂತ್ರಗಳ ದುರಸ್ತಿ, ಗೋದಾಮಿನ ಬಾಡಿಗೆ, ತೂಕದ ಯಂತ್ರದ ಮುದ್ರೆ ಶುಲ್ಕ, ಲೆಕ್ಕದ ತಂತ್ರಾಂಶದ ವಾರ್ಷಿಕ ನವೀಕರಣ, ಹೀಗೆ ಪ್ರತಿಯೊಂದಕ್ಕೂ ನಾವು ಒಂದು ಬಾಬ್ತನ್ನು ಬರೆಯುತ್ತೇವೆ. ಆದರೆ ಹಣ ಕೊಡದೆ ಬಳಸುತ್ತಿರುವ ಮುಕ್ತ ತಂತ್ರಾಂಶಗಳಿಗೆ ನಮ್ಮ ಪುಸ್ತಕಗಳಲ್ಲಿ ಸ್ಥಳವೇ ಇಲ್ಲ. ಬೆಲೆ ಕೇಳದ ವಸ್ತುವಿಗೆ ಖರ್ಚೂ ಇಲ್ಲವೆಂದು ನಾವು ಭಾವಿಸಿದ್ದೇವೆ. ಈ ಭಾವನೆ ನ್ಯಾಯವಾದುದಲ್ಲ. ವ್ಯಾಪಾರದ ದೃಷ್ಟಿಯಿಂದ ಜಾಣತನವೂ ಅಲ್ಲ ಎಂಬುದನ್ನು ಸದಸ್ಯ ಬಂಧುಗಳ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

ಮೊದಲಿಗೆ ಒಂದು ಸ್ಪಷ್ಟನೆ ಅಗತ್ಯ. ಉಚಿತ ತಂತ್ರಾಂಶ ಬೇರೆ, ಮುಕ್ತ ತಂತ್ರಾಂಶ ಬೇರೆ. ಯಾವ ತಂತ್ರಾಂಶದ ಮೂಲ ಸಂಕೇತವನ್ನು ಯಾರು ಬೇಕಾದರೂ ನೋಡಬಹುದೋ, ತಿದ್ದಬಹುದೋ, ಇತರರಿಗೆ ಹಂಚಬಹುದೋ ಅದು ಮುಕ್ತ ತಂತ್ರಾಂಶ. ಅದನ್ನು ಮಾರಬಾರದೆಂಬ ನಿಯಮವೇನೂ ಇಲ್ಲ. ಈ ಚಳವಳಿಯ ಪ್ರವರ್ತಕರಾದ ರಿಚರ್ಡ್ ಸ್ಟಾಲ್‌ಮನ್ 1985ರಲ್ಲಿ ತಮ್ಮ ಈಮ್ಯಾಕ್ಸ್ ತಂತ್ರಾಂಶದ ಟೇಪುಗಳನ್ನು ತಲಾ 150 ಡಾಲರಿಗೆ ಮಾರಿಯೇ ಜೀವನ ಸಾಗಿಸಿದರು. ಕನ್ನಡಿಗರಿಗೆಲ್ಲ ಪರಿಚಿತವಾದ ‘ಬರಹ’ 1998ರಲ್ಲಿ ಹೊರಬಂದು ಹಲವು ವರ್ಷ ಉಚಿತವಾಗಿ ದೊರೆಯಿತು. ಮುಂದೆ ಅದಕ್ಕೆ ಬೆಲೆ ನಿಗದಿಯಾಯಿತು. ಇದರಲ್ಲಿ ತಪ್ಪೇನಿಲ್ಲ. ಶ್ರಮಪಟ್ಟವನಿಗೆ ಪ್ರತಿಫಲ ಸಲ್ಲಬೇಕು. ಉಚಿತವೆಂಬುದು ಶಾಶ್ವತವಲ್ಲ ಎಂಬ ಪಾಠವನ್ನಷ್ಟೇ ನಾವು ಇದರಿಂದ ಕಲಿಯಬೇಕಾಗಿದೆ.

ಈ ವಿಷಯ ಈಗಲೇ ಏಕೆ ಎಂದರೆ, 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಹಳೆಯ ಗಣಕಯಂತ್ರಗಳಲ್ಲಿ ಅನೇಕವು ವಿಂಡೋಸ್ 11ಕ್ಕೆ ಅರ್ಹವಲ್ಲ. ಮಂಡಿಪೇಟೆಯ ಅಂಗಡಿಯಾಗಲಿ, ಅಂತರಸನಹಳ್ಳಿ, ಹಿರೇಹಳ್ಳಿ, ವಸಂತನರಸಾಪುರಗಳ ಸಣ್ಣ ಘಟಕವಾಗಲಿ, ಕುಣಿಗಲ್ಲಿನ ಅಂಚೇಪಾಳ್ಯದ ಕಾರ್ಖಾನೆಯಾಗಲಿ, ಅಂಥ ಯಂತ್ರವಿರುವವರ ಮುಂದೆ ಎರಡು ದಾರಿಗಳಿವೆ: ಹೊಸ ಯಂತ್ರ ಕೊಳ್ಳುವುದು, ಇಲ್ಲವೇ ಲಿನಕ್ಸ್ ಅಳವಡಿಸಿಕೊಳ್ಳುವುದು. ಪರವಾನಗಿಯಿಲ್ಲದ ನಕಲು ಪ್ರತಿ ಮೂರನೆಯ ದಾರಿಯಲ್ಲ. ತಿಳಿದೂ ಅಂಥ ಪ್ರತಿಯನ್ನು ಬಳಸಿದವರಿಗೆ 1957ರ ಕೃತಿಸ್ವಾಮ್ಯ ಕಾಯಿದೆಯ 63ಬಿ ಕಲಮಿನನ್ವಯ ಏಳು ದಿನಗಳಿಂದ ಮೂರು ವರ್ಷಗಳವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶವಿದೆ. ಹೀಗಾಗಿ ಮುಂದಿನ ದಿನಗಳಲ್ಲಿ ಮುಕ್ತ ತಂತ್ರಾಂಶದ ಕಡೆ ಬರುವವರ ಸಂಖ್ಯೆ ಹೆಚ್ಚಬಹುದು. ಬರುವವರು ಬರಿಗೈಯಲ್ಲಿ ಬಂದರೆ ಅದರ ಭಾರ ಹೊರುವವರು ಯಾರು?

ತಂತ್ರಾಂಶ ಒಮ್ಮೆ ಬರೆದು ಮುಗಿಸುವ ಕೆಲಸವಲ್ಲ. ವ್ಯಾಪಾರಿಗಳಾದ ನಮಗೆ ಇದು ಚೆನ್ನಾಗಿ ಗೊತ್ತು. 2017ರ ಜುಲೈ 1ರಂದು ಜಿಎಸ್‌ಟಿ ಬಂದಿತು. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ದಾಖಲೆ ಉಳಿಯುವುದು ಕಡ್ಡಾಯವಾಯಿತು. ಅದೇ ವರ್ಷದ ಆಗಸ್ಟ್ 1ರಿಂದ 5 ಕೋಟಿ ರೂಪಾಯಿಗೂ ಮೀರಿದ ವಹಿವಾಟಿನವರಿಗೆ ಇ-ಇನ್‌ವಾಯ್ಸ್ ಅನ್ವಯವಾಯಿತು. 2025ರ ಸೆಪ್ಟೆಂಬರ್ 22ರಿಂದ ತೆರಿಗೆ ದರಗಳೇ ಬದಲಾದವು. ಪ್ರತಿ ಬಾರಿಯೂ ಯಾರೋ ಕುಳಿತು ಸಂಕೇತವನ್ನು ತಿದ್ದಿ, ಪರೀಕ್ಷಿಸಿ ಕೊಟ್ಟಿದ್ದಾರೆ. ಕೆರೆಯ ನೀರು ಊರಿಗೆಲ್ಲ ಸೇರಿದ್ದಾದರೂ ಹೂಳೆತ್ತುವವರಿಗೆ ಕೂಲಿ ಕೊಡಲೇಬೇಕು. ಕೂಲಿ ನಿಂತರೆ ಕೆರೆ ಒಂದೇ ದಿನಕ್ಕೆ ಬತ್ತುವುದಿಲ್ಲ. ವರ್ಷದಿಂದ ವರ್ಷಕ್ಕೆ ಅದರ ಆಳ ಕಡಿಮೆಯಾಗುತ್ತದೆ.

ಹೂಳು ತುಂಬಿದ ಕೆರೆಗೆ ಜಗತ್ತು ಕಂಡ ಉದಾಹರಣೆ ‘ಓಪನ್ ಎಸ್‌ಎಸ್‌ಎಲ್’. ಅಂತರ್ಜಾಲದ ಹಣಕಾಸು ವ್ಯವಹಾರಗಳನ್ನು ಗುಪ್ತವಾಗಿಡಲು ಜಗತ್ತಿನ ಅಸಂಖ್ಯಾತ ತಾಣಗಳು ಬಳಸುತ್ತಿದ್ದ ಈ ಮುಕ್ತ ತಂತ್ರಾಂಶಕ್ಕೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್ ಮಾತ್ರ. 2014ರ ಏಪ್ರಿಲ್‌ನಲ್ಲಿ ಅದರಲ್ಲಿ ‘ಹಾರ್ಟ್‌ಬ್ಲೀಡ್’ ಎಂಬ ಭಾರಿ ದೋಷ ಪತ್ತೆಯಾಯಿತು. ಆನಂತರವೇ ದೊಡ್ಡ ಕಂಪನಿಗಳು ಲಿನಕ್ಸ್ ಫೌಂಡೇಶನ್ ಮೂಲಕ ನಿಧಿ ಕೂಡಿಸಿದವು.

ನಮ್ಮ ದೇಶದಲ್ಲಿ ಆಶಾದಾಯಕ ಉದಾಹರಣೆಗಳೂ ಇವೆ. ದಾಸ್ತಾನು, ಉತ್ಪಾದನೆ, ಲೆಕ್ಕಪತ್ರ ಎಲ್ಲವನ್ನೂ ನಿರ್ವಹಿಸುವ ‘ಇಆರ್‌ಪಿ ನೆಕ್ಸ್ಟ್’ ಹುಟ್ಟಿದ್ದು ಮುಂಬಯಿಯ ಒಂದು ಪೀಠೋಪಕರಣ ಉದ್ಯಮದ ಅಗತ್ಯದಿಂದ. ಅದರ ನಿರ್ಮಾತೃ ರುಷಭ್ ಮೆಹ್ತಾ ತಮ್ಮ ಕುಟುಂಬದ ವ್ಯವಹಾರಕ್ಕೆ ಸರಿಹೊಂದುವ ತಂತ್ರಾಂಶವನ್ನು ತಾವೇ ರೂಪಿಸಲು ಹೊರಟವರು. ಮೂಲ ಸಂಕೇತ ಎಲ್ಲರಿಗೂ ತೆರೆದಿದೆ. ಅವರ ಸಂಸ್ಥೆಯ ಆದಾಯ ಬರುವುದು ಅದನ್ನು ತಮ್ಮ ಸರ್ವರುಗಳಲ್ಲಿ ನಡೆಸಿಕೊಡುವುದರಿಂದ ಮತ್ತು ಬೆಂಬಲ ಸೇವೆಯಿಂದ. ಸರಕು ಮುಕ್ತ, ಸೇವೆಗೆ ಬೆಲೆ ಎಂಬ ಈ ಮಾರ್ಗ ವ್ಯಾಪಾರಿಗಳಿಗೆ ಸುಲಭವಾಗಿ ಅರ್ಥವಾಗುವಂಥದು.

ಬೆಂಗಳೂರಿನ ಜೆರೋಧಾ ಸಂಸ್ಥೆ 2024ರ ಅಕ್ಟೋಬರ್‌ನಲ್ಲಿ ‘ಫ್ಲಾಸ್ ಫಂಡ್’ ಎಂಬ ನಿಧಿಯನ್ನು ಘೋಷಿಸಿ, ವರ್ಷಕ್ಕೆ 10 ಲಕ್ಷ ಡಾಲರುಗಳನ್ನು ಮುಕ್ತ ತಂತ್ರಾಂಶ ಯೋಜನೆಗಳಿಗೆ ಮೀಸಲಿಟ್ಟಿತು. ತನ್ನ ಉದ್ಯಮವೇ ಇಂಥ ತಂತ್ರಾಂಶಗಳ ಮೇಲೆ ನಿಂತಿದೆ ಎಂಬುದು ಅದು ಕೊಟ್ಟ ಕಾರಣ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಸಂಗ್ರಹಿಸಿದ ಕನ್ನಡ-ಇಂಗ್ಲಿಷ್ ನಿಘಂಟು ‘ಅಲರ್’ 2019ರಲ್ಲಿ ಮುಕ್ತ ಪರವಾನಗಿಯಡಿ ಲೋಕಾರ್ಪಣೆಯಾದುದೂ ಅದೇ ಸಂಸ್ಥೆಯವರ ನೆರವಿನಿಂದ. ಲಿನಕ್ಸ್ ಬಳಸುವವರಿಗೆ ದೊರೆಯುವ ಕನ್ನಡದ ಮುಕ್ತ ಅಕ್ಷರಶೈಲಿಗಳಲ್ಲಿ ಒಂದರ ಹೆಸರು ‘ಗುಬ್ಬಿ’. ಅದರ ಜೊತೆಗಾರನ ಹೆಸರು ‘ನವಿಲು’ ಆಗಿರುವುದರಿಂದ ಇದು ಊರಿನ ಹೆಸರಲ್ಲ, ಹಕ್ಕಿಯ ಹೆಸರೇ ಇರಬೇಕು. ಆದರೂ ಗುಬ್ಬಿಯ ಅಡಿಕೆ, ಕೊಬ್ಬರಿ ವರ್ತಕರು ತಮ್ಮ ಬಿಲ್ಲುಗಳನ್ನು ಆ ಅಕ್ಷರಗಳಲ್ಲಿಯೇ ಮುದ್ರಿಸಿದರೆ ಯಾರಿಗೂ ಏನನ್ನೂ ತೆರಬೇಕಾಗಿಲ್ಲ.

ಜೆರೋಧಾದಷ್ಟು ಹಣ ನಮ್ಮಲ್ಲಿಲ್ಲ, ನಿಜ. ನಮ್ಮ ಶಕ್ತಿಗೆ ತಕ್ಕ ಮಾರ್ಗಗಳಿವೆ.

ಒಂದು, ದೇಣಿಗೆಗಿಂತ ಮೊದಲು ಸೇವೆಯನ್ನು ಖರೀದಿಸೋಣ. ಮುಕ್ತ ತಂತ್ರಾಂಶವನ್ನು ಅಳವಡಿಸಿ ನಿರ್ವಹಿಸುವವರೊಡನೆ ವಾರ್ಷಿಕ ಒಪ್ಪಂದ ಮಾಡಿಕೊಂಡರೆ ಅದು ವ್ಯವಹಾರದ ಖರ್ಚಾಗುತ್ತದೆ. ಅವರು ತೆರಿಗೆ ಸಹಿತ ಬಿಲ್ಲು ಕೊಟ್ಟರೆ, ರಾಜಿ ತೆರಿಗೆ ಪದ್ಧತಿಯಲ್ಲಿಲ್ಲದ ನೋಂದಾಯಿತ ವರ್ತಕರು ಹೂಡುವಳಿ ತೆರಿಗೆಯ ಜಮೆಯನ್ನೂ ಪಡೆಯಬಹುದು. ದೇಣಿಗೆಗೆ ಈ ಅನುಕೂಲವಿಲ್ಲ. ಒಪ್ಪಂದ ಮಾಡಿಕೊಳ್ಳುವಾಗ ಆ ಸೇವಾದಾರರು ಮೂಲ ಯೋಜನೆಗೆ ಹಣವನ್ನೋ ಶ್ರಮವನ್ನೋ ಸಲ್ಲಿಸುತ್ತಾರೆಯೇ ಎಂದು ಕೇಳುವುದು ನಮ್ಮ ಹಕ್ಕು.

ಎರಡು, ಸಮಾನ ಅಗತ್ಯಗಳಿಗೆ ಒಟ್ಟಾಗಿ ಹಣ ಹೂಡೋಣ. ರೈತರಿಗೆ ಕೊಡುವ ಲೆಕ್ಕದ ಚೀಟಿಯಲ್ಲಿ ತೂಕ, ಹಮಾಲಿ, ಮಾರುಕಟ್ಟೆ ಶುಲ್ಕ ಎಲ್ಲವೂ ಕನ್ನಡದಲ್ಲಿ ಬರಬೇಕೆಂಬುದು ಮಂಡಿ ವರ್ತಕರೆಲ್ಲರ ಅಗತ್ಯ. ಹತ್ತು ಮಂದಿ ಹತ್ತು ಕಡೆ ಹಣ ತೆತ್ತು ಮಾಡಿಸುವ ಬದಲು ಒಮ್ಮೆ ಮಾಡಿಸಿ, ಮೂಲ ಸಂಕೇತವನ್ನು ಮುಕ್ತಗೊಳಿಸಿದರೆ ತುಮಕೂರು, ಗುಬ್ಬಿ, ಕುಣಿಗಲ್ಲುಗಳಿಗೆ ಒಂದೇ ಖರ್ಚು.

ಮೂರು, ನಮ್ಮ ಮಕ್ಕಳ ಕೈಗೆ ಕೆಲಸ ಕೊಡೋಣ. ತುಮಕೂರಿನಲ್ಲಿ ಸಿದ್ಧಗಂಗಾ ಮತ್ತು ಶ್ರೀ ಸಿದ್ಧಾರ್ಥ, ಗುಬ್ಬಿಯಲ್ಲಿ ಚನ್ನಬಸವೇಶ್ವರ ತಾಂತ್ರಿಕ ಮಹಾವಿದ್ಯಾಲಯಗಳಿವೆ. ಅಲ್ಲಿಯ ವಿದ್ಯಾರ್ಥಿಗಳಿಗೆ ಶಿಷ್ಯವೇತನ ನೀಡಿ, ನಾವು ಬಳಸುವ ತಂತ್ರಾಂಶಗಳ ದೋಷ ತಿದ್ದುವ, ಕನ್ನಡಕ್ಕೆ ಒಗ್ಗಿಸುವ ಕೆಲಸ ವಹಿಸಬಹುದು. ಬೆಂಗಳೂರಿಗೆ ಹೋಗುವ ಮುನ್ನ ಅವರು ನಮ್ಮ ಅಂಗಡಿಗಳನ್ನೂ ನೋಡಿದಂತಾಗುತ್ತದೆ.

ನಾಲ್ಕು, ನೇರ ದೇಣಿಗೆ. ವಿದೇಶದ ಯೋಜನೆಗಳಿಗೆ ಹಣ ಕಳುಹಿಸುವುದರಲ್ಲಿ ಬ್ಯಾಂಕಿನ ನಿಯಮಗಳ ತೊಡಕಿದೆ. ಆದ್ದರಿಂದ ದೇಶದೊಳಗಿನ ಸಂಸ್ಥೆ, ಯೋಜನೆಗಳಿಂದ ಆರಂಭಿಸುವುದು ಸುಲಭ. ತೆರಿಗೆ ವಿನಾಯಿತಿಯ ಬಗ್ಗೆ ಲೆಕ್ಕಪರಿಶೋಧಕರ ಸಲಹೆ ಪಡೆಯುವುದು ಒಳಿತು.

“ನಾನು ಕೊಡದಿದ್ದರೂ ಸಿಗುತ್ತದಲ್ಲ, ಏಕೆ ಕೊಡಬೇಕು?” ಎಂಬ ಪ್ರಶ್ನೆ ಸಹಜ. ನಾವು ಕೊಡುವುದು ಪ್ರತಿಗಾಗಿ ಅಲ್ಲ. ಮುಂದಿನ ವರ್ಷ ಕಾನೂನು ಬದಲಾದಾಗ ಅದನ್ನು ತಿದ್ದಲು ಒಬ್ಬರು ಇರಲೆಂಬುದಕ್ಕಾಗಿ. ಹಣ ಕೊಟ್ಟವರ ಅಗತ್ಯಕ್ಕೆ ಮೊದಲ ಗಮನ ಸಿಗುವುದು ಲೋಕರೂಢಿ. ಇಂದು ಆ ಗಮನ ದೊಡ್ಡ ಕಂಪನಿಗಳ ಅಗತ್ಯಗಳಿಗೆ ಸಲ್ಲುತ್ತಿದ್ದರೆ, ಸಣ್ಣವರಾದ ನಾವು ಹಣದ ಪೆಟ್ಟಿಗೆಯಿಂದ ದೂರ ಉಳಿದಿರುವುದೂ ಅದಕ್ಕೊಂದು ಕಾರಣ.

ಲೆಕ್ಕ ಹಾಕಿ ನೋಡಿ. ನೂರು ಮಂದಿ ಸದಸ್ಯರು ವರ್ಷಕ್ಕೆ ತಲಾ 2,000 ರೂಪಾಯಿ ಕೊಟ್ಟರೆ 2 ಲಕ್ಷವಾಗುತ್ತದೆ. ಇಬ್ಬರು ವಿದ್ಯಾರ್ಥಿಗಳಿಗೆ ತಿಂಗಳಿಗೆ 10,000 ರೂಪಾಯಿಯಂತೆ ಆರು ತಿಂಗಳ ಶಿಷ್ಯವೇತನಕ್ಕೆ 1.20 ಲಕ್ಷ, ಒಂದು ನಿರ್ದಿಷ್ಟ ಸುಧಾರಣೆ ಮಾಡಿಸಲು 50,000, ಸದಸ್ಯರ ಗುಮಾಸ್ತರಿಗೆ ತರಬೇತಿ ನೀಡಲು 30,000. ತಲಾ ವೆಚ್ಚ ದಿನಕ್ಕೆ ಆರು ರೂಪಾಯಿಯೂ ಆಗುವುದಿಲ್ಲ.

ನಮ್ಮ ಸಂಸ್ಥೆಯ ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಈ ವಿಷಯವನ್ನು ಕಾರ್ಯಸೂಚಿಗೆ ಸೇರಿಸಬೇಕೆಂದು ಪದಾಧಿಕಾರಿಗಳಲ್ಲಿ ವಿನಂತಿಸುತ್ತೇನೆ. ಮೂರೂ ಊರುಗಳ ಪ್ರತಿನಿಧಿಗಳುಳ್ಳ ಒಂದು ಚಿಕ್ಕ ಉಪಸಮಿತಿ, ಪ್ರತ್ಯೇಕ ಬ್ಯಾಂಕ್ ಖಾತೆ, ಹಣ ಎಲ್ಲಿಗೆ ಹೋಯಿತೆಂದು ಇದೇ ಪತ್ರಿಕೆಯಲ್ಲಿ ವರ್ಷಕ್ಕೊಮ್ಮೆ ಪ್ರಕಟವಾಗುವ ಲೆಕ್ಕ, ಆರಂಭಕ್ಕೆ ಇಷ್ಟು ಸಾಕು.