ಮಾವನ ಎಡಗಾಲು ಮತ್ತು ಹೊಸ ಕಾರು

ಶಿರ್ತಾಡಿಯಲ್ಲಿರುವ ನನ್ನ ಸೋದರಮಾವನಿಗೆ ಈಗ 68 ವರ್ಷ. ಹಿಂದೆ ಜೀನಸಿನ ಅಂಗಡಿ ನಡೆಸುತ್ತಿದ್ದವರು. ಕಾರು ಓಡಿಸಲು ಕಲಿತು ಮೂವತ್ತು ವರ್ಷ ಮೀರಿದೆ. ಕಳೆದ ಮಳೆಗಾಲದ ನಂತರ ಹೋದಾಗಲೆಲ್ಲ ಅವರ ಹಳೆಯ ಕಾರು ಅಂಗಳದಲ್ಲೇ ನಿಂತಿರುತ್ತಿತ್ತು. ಏನು ವಿಷಯ ಎಂದು ಮಾಮಿಯನ್ನು ಕೇಳಿದೆ.

"ಎಡಗಾಲಿನ ಮಂಡಿ ನೋವು. ಕ್ಲಚ್ ಒತ್ತಲು ಆಗುವುದಿಲ್ಲ. ಅವರು ಬಾಯಿಬಿಟ್ಟು ಹೇಳುವುದಿಲ್ಲ. ಮೂಡುಬಿದಿರೆಗೆ ಹೋಗೋಣವಾ ಎಂದರೆ, ನನಗೇನೂ ಇಲ್ಲ, ಹುಷಾರಾಗಿದ್ದೇನೆ ಎಂದು ನಾನೇ ತಪ್ಪಿಸಿಕೊಳ್ಳುತ್ತೇನೆ" ಎಂದರು.

ಮಾಮಿಗೆ ಸಕ್ಕರೆ ಕಾಯಿಲೆ. ತಿಂಗಳಿಗೊಮ್ಮೆ ರಕ್ತಪರೀಕ್ಷೆ ಮಾಡಿಸಬೇಕು. ಗಂಡನ ಮಂಡಿಗೆ ನೋವಾಗಬಾರದೆಂದು ಮೂರು ತಿಂಗಳಿನಿಂದ ಅವರು ಅದನ್ನು ಮಾಡಿಸಿಯೇ ಇರಲಿಲ್ಲ!

ಸಹೋದರಿಯರೇ, ಇಂತಹ ಮೌನ ನಿಮ್ಮ ಮನೆಯಲ್ಲೂ ಇರಬಹುದು. ಹಿರಿಯರ ಕಾಲು ಸೋತಾಗ ಮನೆಯ ಹೆಂಗಸಿನ ಓಡಾಟವೂ ಅದರೊಂದಿಗೆ ನಿಂತುಹೋಗುತ್ತದೆ. ಆಕೆ ಅದನ್ನು ಯಾರಲ್ಲೂ ದೂರುವುದಿಲ್ಲ.

ಸುದ್ದಿ ಕೊಲ್ಲಿಯಲ್ಲಿರುವ ಮಕ್ಕಳಿಗೆ ತಲುಪಿತು. "ಇನ್ನು ಓಡಿಸುವುದು ಸಾಕು, ಡ್ರೈವರ್ ಇಡಿ" ಎಂದ ಹಿರಿಯ ಮಗ. "ದೊಡ್ಡ ಕಾರು ತೆಗೆದುಕೊಳ್ಳಿ, ಸಾಲದ ಕಂತು ನಾನು ಕಟ್ಟುತ್ತೇನೆ" ಎಂದ ಕಿರಿಯವನು. ಇಬ್ಬರದೂ ಪ್ರೀತಿಯೇ. ಆದರೆ ಇಬ್ಬರೂ ತಂದೆಯನ್ನು ಕೇಳಿರಲಿಲ್ಲ. ಮಾವನಿಗೆ ಬಡ್ಡಿಯ ಸಾಲ ಬೇಡ, ದೊಡ್ಡ ಕಾರೂ ಬೇಡ. ಕಣ್ಣು, ಕಿವಿ, ಬಲಗಾಲು ಸರಿಯಾಗಿವೆ, ಕ್ಲಚ್ ಇಲ್ಲದಿದ್ದರೆ ಓಡಿಸಬಹುದು ಎಂದು ವೈದ್ಯರೂ ಹೇಳಿದರು. ಹಾಗಾಗಿ ಸಣ್ಣದೊಂದು ಆಟೋಮ್ಯಾಟಿಕ್ ಕಾರು ಹುಡುಕುವ ಕೆಲಸ ನನ್ನ ಪಾಲಿಗೆ ಬಂತು.

ಆಟೋಮ್ಯಾಟಿಕ್ ಎಂದರೆ ಶ್ರೀಮಂತರ ಕಾರು, ಪೆಟ್ರೋಲ್ ಕುಡಿಯುತ್ತದೆ ಎಂಬ ಮಾತು ಹಿಂದೆ ನಿಜವಿತ್ತು. 2014ರಲ್ಲಿ ಮಾರುತಿ ಸೆಲೆರಿಯೊ ಬಂದ ಮೇಲೆ ಅದು ಬದಲಾಯಿತು. ಅದರಲ್ಲಿರುವುದು ಎಎಂಟಿ ಎಂಬ ವ್ಯವಸ್ಥೆ. ಗೇರ್ ಪೆಟ್ಟಿಗೆ ಮಾಮೂಲಿನದೇ. ಕ್ಲಚ್ ಒತ್ತಿ ಗೇರ್ ಬದಲಿಸುವ ಕೆಲಸವನ್ನು ಮಾತ್ರ ನಮ್ಮ ಬದಲು ಯಂತ್ರ ಮಾಡುತ್ತದೆ. ಆದ್ದರಿಂದ ಬೆಲೆ ಸ್ವಲ್ಪವೇ ಹೆಚ್ಚು, ಮೈಲೇಜ್ ಹೆಚ್ಚುಕಡಿಮೆ ಅಷ್ಟೇ. ಸೆಲೆರಿಯೊ ಎಎಂಟಿ ಲೀಟರಿಗೆ ಸುಮಾರು 26 ಕಿಲೋಮೀಟರ್, ಒಂದು ಲೀಟರ್ ಎಂಜಿನ್‌ನ ವ್ಯಾಗನ್ ಆರ್ ಸುಮಾರು 25 ಎಂದು ಕಂಪನಿ ಹೇಳುತ್ತದೆ. ನಮ್ಮ ಏರು ತಗ್ಗಿನ ರಸ್ತೆಯಲ್ಲಿ ಅಷ್ಟು ಬರುವುದಿಲ್ಲ. ಗೇರ್ ಬದಲಾಗುವಾಗ ಕಾರು ಸಣ್ಣಗೆ ತಲೆದೂಗುತ್ತದೆ. ಆ ಕ್ಷಣ ಬಲಗಾಲನ್ನು ತುಸು ಸಡಿಲಿಸಿದರೆ ಅದೂ ಕಡಿಮೆಯಾಗುತ್ತದೆ. ಸಿವಿಟಿ ಇರುವ ಕಾರು ಇನ್ನೂ ನಯವಾಗಿ ಓಡುತ್ತದೆ, ಆದರೆ ಬೆಲೆ ಹೆಚ್ಚು. 2022ರಲ್ಲಿ ಬಂದ ಟಿಯಾಗೊ ಇವಿ, 2023ರ ಕಾಮೆಟ್ ಮುಂತಾದ ವಿದ್ಯುತ್ ಕಾರುಗಳಲ್ಲಿ ಬದಲಿಸುವ ಗೇರೇ ಇಲ್ಲ, ಮನೆಯ 15 ಆಂಪಿಯರ್ ಪ್ಲಗ್‌ನಲ್ಲೇ ಚಾರ್ಜ್ ಮಾಡಬಹುದು. ಆದರೆ "ಮಳೆಗಾಲದಲ್ಲಿ ನಮ್ಮ ಕರೆಂಟು ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ?" ಎಂದು ಮಾವ ನಕ್ಕುಬಿಟ್ಟರು.

ಶೋರೂಮಿಗೆ ಮಾಮಿಯನ್ನೂ ಕರೆದುಕೊಂಡು ಹೋದೆವು. ಅಲ್ಲಿದ್ದ ಹುಡುಗ ಅರ್ಧ ಗಂಟೆ ಹಾಡು ಕೇಳುವ ಪರದೆಯನ್ನೇ ಹೊಗಳಿದ. ಮಾಮಿ ಬಾಗಿಲು ತೆರೆದು ನೋಡಿದರು. ಒಂದು ಕಾರಿನ ಸೀಟು ತೀರಾ ತಗ್ಗು. ಕುಳಿತರೆ ಏಳಲು ಮಾವನಿಗೆ ಬಾಗಿಲಿನ ಆಸರೆ ಬೇಕಾಯಿತು. ವ್ಯಾಗನ್ ಆರ್‌ನ ಸೀಟು ಎತ್ತರ. ಮೊದಲು ಕುರ್ಚಿಯಲ್ಲಿ ಕೂರುವಂತೆ ಕುಳಿತು, ನಂತರ ಎರಡೂ ಕಾಲುಗಳನ್ನು ಒಟ್ಟಿಗೆ ಒಳಗೆ ತೆಗೆದುಕೊಂಡರು. "ಇದು ಸಾಕು" ಎಂದರು ಮಾಮಿ. ಮೈಲೇಜಿನಲ್ಲಿ ಒಂದು ಕಿಲೋಮೀಟರ್ ಹೋದರೂ ಮಂಡಿ ಉಳಿಯುತ್ತದೆ ಎಂಬುದು ಅವರ ಲೆಕ್ಕ.

ಪರೀಕ್ಷೆಗೆ ಓಡಿಸುವಾಗ ಸಮತಟ್ಟಾದ ರಸ್ತೆಯಲ್ಲಿ ಒಂದು ಸುತ್ತು ಹಾಕಿ ಬರಬೇಡಿ. ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿಸಿ ನೋಡಿ. ಎಎಂಟಿ ಕಾರು ಏರಿನಲ್ಲಿ ಹಿಂದಕ್ಕೆ ಜಾರಬಹುದು. ವ್ಯಾಗನ್ ಆರ್, ಸೆಲೆರಿಯೊಗಳಲ್ಲಿ ಈಗ ಹಿಲ್ ಹೋಲ್ಡ್ ಇದೆ. ಅದು ಕಾರನ್ನು ಕೆಲವೇ ಕ್ಷಣ ಹಿಡಿದುಕೊಳ್ಳುತ್ತದೆ, ಅಷ್ಟೇ. ಏರಿನಲ್ಲಿ ಕಾಯುವಾಗ ಆಕ್ಸಿಲರೇಟರ್ ಒತ್ತಿ ನಿಲ್ಲಿಸಿದರೆ ಕ್ಲಚ್ ಸವೆಯುತ್ತದೆ. ಬ್ರೇಕ್ ಒತ್ತಿಯೇ ನಿಲ್ಲಬೇಕು. ಈ ಕಾರುಗಳಲ್ಲಿ ಪಾರ್ಕಿಂಗ್‌ಗೆಂದು 'ಪಿ' ಗೇರ್ ಇಲ್ಲ. ಆದ್ದರಿಂದ ಇಳಿಯುವ ಮುನ್ನ ಹ್ಯಾಂಡ್‌ಬ್ರೇಕ್ ಮರೆಯುವಂತಿಲ್ಲ.

2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ 18 ಶೇಕಡಕ್ಕೆ ಇಳಿದದ್ದು ನಮಗೆ ಅನುಕೂಲವಾಯಿತು. ಹಳೆಯ ಕಾರು ಮಾರಿದ ಹಣ, ಮಾವನ ಉಳಿತಾಯ, ಮಕ್ಕಳು ಕಂತಿನ ಬದಲು ಕಳುಹಿಸಿದ ಮೊತ್ತ ಸೇರಿ ಸಾಲವಿಲ್ಲದೆ ಕಾರು ಬಂತು.

ನಿಜವಾದ ಪರೀಕ್ಷೆ ಆ ನಂತರದ್ದು. ಎರಡನೇ ದಿನ ತಿರುವಿನಲ್ಲಿ ಮಾವ ಅಭ್ಯಾಸಬಲದಿಂದ ಕ್ಲಚ್ ಎಂದುಕೊಂಡು ಎಡಗಾಲಿನಿಂದ ಬ್ರೇಕನ್ನೇ ತುಳಿದರು. ಕಾರು ಗಕ್ಕನೆ ನಿಂತಿತು. ಮಾಮಿಯ ಮಡಿಲಲ್ಲಿದ್ದ ಚೀಲ ಕೆಳಗೆ ಬಿತ್ತು. ಹಿಂದೆ ಬಸ್ಸು ಇರದಿದ್ದುದು ಅಲ್ಲಾಹನ ಕೃಪೆ. ಮೂವತ್ತು ವರ್ಷ ಕಲಿತದ್ದನ್ನು ಕಾಲು ಒಂದೇ ದಿನದಲ್ಲಿ ಮರೆಯುವುದಿಲ್ಲ. ಆಮೇಲೆ ಒಂದು ವಾರ ಖಾಲಿ ಮೈದಾನದಲ್ಲಿ ಅಭ್ಯಾಸ ಮಾಡಿಸಿದೆವು. ಎಡಗಾಲನ್ನು ಹಿಂದಕ್ಕೆಳೆದು ಸೀಟಿನ ಬುಡಕ್ಕೆ ತಾಗಿಸಿ ಇಡುವುದು, ಆಕ್ಸಿಲರೇಟರಿಗೂ ಬ್ರೇಕಿಗೂ ಬಲಗಾಲು ಮಾತ್ರ. ಕಾರು ಸ್ಟಾರ್ಟ್ ಮಾಡುವ ಮೊದಲು "ಎಡಗಾಲು ಎಲ್ಲಿದೆ?" ಎಂದು ಕೇಳುವ ಕೆಲಸ ಮಾಮಿಯದು. ಮೊದಮೊದಲು ಮಾವ ಸಿಡುಕಿದರು. ಈಗ ಅವರೇ "ಕೇಳಲಿಲ್ಲವಲ್ಲ?" ಎಂದು ನೆನಪಿಸುತ್ತಾರೆ.

ಒಂದು ಮಾತನ್ನು ಮುಚ್ಚಿಡಬಾರದು. ಆಟೋಮ್ಯಾಟಿಕ್ ಕಾರು ಕಾಲಿನ ಭಾರ ಇಳಿಸುತ್ತದೆಯೇ ಹೊರತು ಕಣ್ಣಿನ ಪೊರೆಯನ್ನು ತೆಗೆಯುವುದಿಲ್ಲ. 55 ದಾಟಿದವರ ಲೈಸನ್ಸನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು, ವೈದ್ಯರ ಪ್ರಮಾಣಪತ್ರವೂ ಬೇಕು. ಅದನ್ನು ಬರೀ ಸಹಿ ಹಾಕಿಸುವ ಕಾಗದವೆಂದು ತಿಳಿಯಬೇಡಿ. ಗೇಟಿಗೆ ಹೊಸ ಗೀರು ಬಿದ್ದರೆ, ಎದುರಿನ ದೀಪಕ್ಕೆ ಕಣ್ಣು ಕತ್ತಲಿಟ್ಟರೆ, ಗೊತ್ತಿರುವ ದಾರಿ ತಪ್ಪಿದರೆ ಪಕ್ಕದಲ್ಲಿ ಕೂರುವ ನೀವೇ ಅದನ್ನು ಮೊದಲು ಕಾಣುವವರು. ಆಗ ಮೃದುವಾಗಿ, ಆದರೆ ಸ್ಪಷ್ಟವಾಗಿ ಹೇಳಿ. ಮಾವ ತಾವಾಗಿಯೇ ನಿಯಮ ಮಾಡಿಕೊಂಡಿದ್ದಾರೆ: ಮಗ್ರಿಬ್ ನಂತರ ಸ್ಟೀರಿಂಗ್ ಮುಟ್ಟುವುದಿಲ್ಲ, ಜೋರು ಮಳೆಗೆ ಹೊರಡುವುದಿಲ್ಲ.

ಮೊನ್ನೆ ಹೋಗಿದ್ದಾಗ ಮಾಮಿಯ ರಕ್ತಪರೀಕ್ಷೆಯ ಚೀಟಿ ಮೇಜಿನ ಮೇಲಿತ್ತು. ಸಕ್ಕರೆ ಸ್ವಲ್ಪ ಹೆಚ್ಚೇ ಇತ್ತು, ಮಾತ್ರೆ ಬದಲಿಸಿದ್ದಾರಂತೆ. ಇನ್ನೆರಡು ತಿಂಗಳು ಸುಮ್ಮನಿದ್ದಿದ್ದರೆ?

ನಿಮ್ಮ ಮನೆಯಂಗಳದಲ್ಲೂ ಕಾರು ಬಹಳ ದಿನದಿಂದ ನಿಂತಿದ್ದರೆ, ಬ್ಯಾಟರಿ ಹೋಯಿತೇ ಎಂದು ಕೇಳುವ ಮೊದಲು ಓಡಿಸುವವರ ಕಾಲು ಹೇಗಿದೆ ಎಂದು ಕೇಳಿ. ಪಕ್ಕದ ಸೀಟಿನವರನ್ನೂ ಕೇಳಿ.