ಬಿಚ್ಚಿಟ್ಟ ನಾಲ್ಕು ಬೋಲ್ಟು

ಪವರ್ ಪ್ರೆಸ್ ಮುಂದೆ ಕೂತವನ ಕಾಲು ಪೆಡಲ್ ಮೇಲಿರುತ್ತದೆ, ಕೈಗಳು ಡೈ ಮುಂದೆ. ತಗಡಿನ ತುಂಡು ಇಡಬೇಕು, ಕೈ ತೆಗೆಯಬೇಕು, ಪೆಡಲ್ ಒತ್ತಬೇಕು, ಪೀಸ್ ತೆಗೆಯಬೇಕು. ಒಂದು ಶಿಫ್ಟಿನಲ್ಲಿ ಇದನ್ನೇ ಸಾವಿರಾರು ಸಲ. ಹಳೆಯ ಕೀ ಕ್ಲಚ್ಚಿನ ಪ್ರೆಸ್ಸುಗಳಲ್ಲಿ ಕ್ಲಚ್ ಒಮ್ಮೆ ಹಿಡಿಯಿತೆಂದರೆ ಸ್ಟ್ರೋಕ್ ಪೂರ್ತಿಯಾಗುವ ತನಕ ಯಾರಿಂದಲೂ ನಿಲ್ಲಿಸಲಾಗದು. ಕೀ ಸವೆದಿದ್ದರೆ, ಸ್ಪ್ರಿಂಗ್ ಸೋತಿದ್ದರೆ, ಕಾಲು ಎತ್ತಿದ ಮೇಲೂ ಪಂಚ್ ಇನ್ನೊಂದು ಸಲ ಇಳಿಯುತ್ತದೆ. ಪ್ರೆಸ್ ‘ಡಬಲ್ ಹೊಡೀತು’ ಅನ್ನುತ್ತೇವೆ. ಪೀಸ್ ತೆಗೆಯಲು ಕೈ ಒಳಗೆ ಹೋಗುವುದು ಅದೇ ಹೊತ್ತಿಗೆ.

ಪೀಣ್ಯದ ಸುತ್ತಮುತ್ತಲ ಶೆಡ್ಡುಗಳಲ್ಲಿ 31 ವರ್ಷ ಡೈ ಸೆಟ್ಟರ್ ಆಗಿ ದುಡಿದವನು ನಾನು. ಪೇಪರಿನಲ್ಲಿ ‘ಕಾರ್ಮಿಕನ ಅಜಾಗರೂಕತೆಯಿಂದ’ ಎಂಬ ಮಾತು ಕಂಡಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಯಾಕೆ ಅನ್ನುವುದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

2021ರ ಮಳೆಗಾಲ, ರಾತ್ರಿ ಪಾಳಿ. ಬೆಳಗ್ಗೆ ಲೋಡ್ ಹೋಗಲೇಬೇಕಿತ್ತು. ಡೈ ಮುಂದಿನ ಜಾಲರಿ ಗಾರ್ಡ್ ಇದ್ದರೆ ಚಿಮಟದಲ್ಲಿ ಪೀಸ್ ಇಡಬೇಕು, ಕೆಲಸ ನಿಧಾನ. “ಗಾರ್ಡ್ ಬಿಚ್ಚಪ್ಪ, ಪೀಸ್ ಬೀಳ್ತಾ ಇಲ್ಲ” ಅಂದರು ಸೂಪರ್‌ವೈಸರ್. ಮಾಲೀಕರು ಅಲ್ಲೇ ನಿಂತಿದ್ದರು. ಸ್ಪ್ಯಾನರ್ ನನ್ನ ಕೈಯಲ್ಲಿತ್ತು. ನಾಲ್ಕು ಬೋಲ್ಟು ಬಿಚ್ಚಿ, ಗಾರ್ಡನ್ನು ಗೋಡೆಗೆ ಒರಗಿಸಿಟ್ಟೆ. ಆ ಪ್ರೆಸ್ ಹಿಂದಿನ ವಾರವೇ ಎರಡು ಸಲ ಡಬಲ್ ಹೊಡೆದಿತ್ತು. ಹೇಳಿದ್ದೆ, ಭಾನುವಾರ ನೋಡೋಣ ಅಂದಿದ್ದರು.

ಅದರ ಮೇಲೆ ಕೂತವನು ಸುರಪುರ ಕಡೆಯ ಹುಡುಗ, 22 ವರ್ಷ, ಪಿಯುಸಿ ಓದಿದ್ದ. ಕೆಲಸಕ್ಕೆ ಸೇರಿ ಐದು ತಿಂಗಳಾಗಿತ್ತು. ರಾತ್ರಿ ಎರಡೂವರೆಗೆ ಬಲಗೈಯ ತೋರುಬೆರಳು, ನಡುಬೆರಳು ಹೋದವು. ಅವನು ಕಿರುಚಲಿಲ್ಲ. ಬಟ್ಟೆಯ ಗ್ಲೌಸ್ ಕೆಂಪಾಗುತ್ತಿದ್ದುದನ್ನು ನೋಡುತ್ತ ನಿಂತ. ಆಟೋದಲ್ಲಿ ನನ್ನ ಭುಜಕ್ಕೆ ಒರಗಿ ಒಂದೇ ಮಾತು ಹೇಳಿದ: “ಕಾಕಾ, ಊರಿಗೆ ಹೇಳಬ್ಯಾಡ್ರಿ.”

ಮೂರನೇ ದಿನ ಆಸ್ಪತ್ರೆಗೆ ಒಂದು ಕಾಗದ ಬಂತು. ‘ಸೂಪರ್‌ವೈಸರ್ ಬೇಡವೆಂದರೂ ನಾನೇ ಗಾರ್ಡ್ ತೆಗೆದು ಕೆಲಸ ಮಾಡಿದೆ, ಇನ್ನು ಮುಂದೆ ಯಾವ ಪರಿಹಾರವನ್ನೂ ಕೇಳುವುದಿಲ್ಲ’ ಎಂದು ಟೈಪ್ ಮಾಡಿತ್ತು. ಸಹಿ ಮಾಡಲು ಬಲಗೈ ತುಂಬ ಬ್ಯಾಂಡೇಜ್. ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡರು, 25,000 ರೂಪಾಯಿಯ ಕವರ್ ಕೊಟ್ಟರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಸುಳ್ಳು ಎಂದು ಹೇಳಬೇಕಿತ್ತು. ಮಗಳ ಕಾಲೇಜು ಫೀಸು ನೆನಪಾಯಿತು, ಸುಮ್ಮನಿದ್ದೆ.

ಆ ಕಾಗದವನ್ನು ಹಾಗೆ ಬರೆಸಿದ್ದರ ಗುಟ್ಟು ನನಗೆ ತಿಳಿದದ್ದು ನಿವೃತ್ತನಾದ ಮೇಲೆ, ಕಾಯ್ದೆ ಪುಸ್ತಕ ಹಿಡಿದು ಕೂತಾಗ. ಆಗ ಜಾರಿಯಲ್ಲಿದ್ದ 1923ರ ಪರಿಹಾರ ಕಾಯ್ದೆಯ ಪ್ರಕಾರ ಕೆಲಸದಲ್ಲಿ ಗಾಯವಾದರೆ ಮಾಲೀಕ ಕೊಡಲೇಬೇಕಿತ್ತು, ಅವನದು ತಪ್ಪಿದೆ ಎಂದು ಯಾರೂ ಸಾಬೀತು ಮಾಡಬೇಕಿರಲಿಲ್ಲ. ತಪ್ಪಿಸಿಕೊಳ್ಳಲು ಇದ್ದ ಕೆಲವೇ ದಾರಿಗಳಲ್ಲಿ ಒಂದು, ಸುರಕ್ಷತೆಗೆಂದು ಇಟ್ಟ ಗಾರ್ಡನ್ನು ಕೆಲಸಗಾರನೇ ಬೇಕೆಂದು ತೆಗೆದ ಎನ್ನುವುದು. ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯವಾದರೆ ಆ ನೆಪವೂ ನಡೆಯುತ್ತಿರಲಿಲ್ಲ. ಬೆರಳು ಹೋದರೆ ನಡೆಯುತ್ತಿತ್ತು. ಹುಡುಗನ ಹೆಬ್ಬೆಟ್ಟು ಬೇಕಾಗಿದ್ದು ಅದಕ್ಕೆ. ಆದರೆ ‘ಪರಿಹಾರ ಕೇಳುವುದಿಲ್ಲ’ ಎಂದು ಬರೆಸಿಕೊಂಡ ಮಾತಿಗೆ ಅದೇ ಕಾಯ್ದೆಯಲ್ಲಿ ಕವಡೆ ಕಿಮ್ಮತ್ತಿರಲಿಲ್ಲ. ಇದನ್ನು ಆ ದಿನ ಅವನಿಗೆ ಹೇಳುವವರು ಯಾರೂ ಇರಲಿಲ್ಲ.

ಕಾಯ್ದೆಯ ಕೊನೆಗೆ ಒಂದು ಪಟ್ಟಿ ಇತ್ತು. ಓದುವಾಗ ಕೈ ನಡುಗಿತು. ಹೆಬ್ಬೆರಳು ಹೋದರೆ ದುಡಿಮೆಯ ಶಕ್ತಿ ಶೇ 30 ನಷ್ಟ. ತೋರುಬೆರಳು ಪೂರ್ತಿ ಹೋದರೆ ಶೇ 14. ಒಂದೇ ಕೈಯ ಎರಡು ಬೆರಳಿಗೆ ಶೇ 20, ನಾಲ್ಕಕ್ಕೆ ಶೇ 50. ನಮ್ಮ ಹುಡುಗನ ಸಂಬಳ ತಿಂಗಳಿಗೆ 13,000. ಅದರ ಶೇ 60ನ್ನು 22ನೇ ವಯಸ್ಸಿಗೆ ನಿಗದಿಯಾದ 221.37ರಿಂದ ಗುಣಿಸಿ, ಬಂದದ್ದರಲ್ಲಿ ಶೇ 20 ಲೆಕ್ಕ ಹಾಕಿದರೆ 3,45,337 ರೂಪಾಯಿ. ಒಂದು ತಿಂಗಳೊಳಗೆ ಕೊಡದಿದ್ದರೆ ಶೇ 12 ಬಡ್ಡಿ, ಮೇಲೆ ಶೇ 50ರವರೆಗೆ ದಂಡ. ಕೊಟ್ಟದ್ದು 25,000.

ಇಎಸ್‌ಐ ಇರಲಿಲ್ಲವೇ ಎಂದು ಕೇಳುತ್ತೀರಿ. ಶೆಡ್ಡಿನಲ್ಲಿ ದುಡಿಯುತ್ತಿದ್ದವರು 17 ಜನ, ಹಾಜರಿ ಪುಸ್ತಕದಲ್ಲಿ ಇದ್ದದ್ದು ಒಂಬತ್ತು ಹೆಸರು. ಹತ್ತಾದರೆ ಇಎಸ್‌ಐ ಕಟ್ಟಬೇಕು, ಕರೆಂಟಿನ ಯಂತ್ರವಿರುವ ಕಡೆ ಹತ್ತಾದರೆ 1948ರ ಕಾರ್ಖಾನೆ ಕಾಯ್ದೆಯೂ ಬರುತ್ತಿತ್ತು. ಆ ಕಾಯ್ದೆ ಈ ವಿಷಯದಲ್ಲಿ ಸ್ಪಷ್ಟವಾಗಿತ್ತು: ಯಂತ್ರದ ಅಪಾಯಕಾರಿ ಭಾಗಕ್ಕೆ ಗಟ್ಟಿಯಾದ ತಡೆ ಇರಬೇಕು, ಯಂತ್ರ ಓಡುವಷ್ಟು ಹೊತ್ತೂ ಅದು ತನ್ನ ಜಾಗದಲ್ಲೇ ಇರಬೇಕು. ಭೋಪಾಲ್ ದುರಂತದ ನಂತರ, 1987ರ ತಿದ್ದುಪಡಿಯಲ್ಲಿ, ಕೆಲಸಗಾರರ ಆರೋಗ್ಯ ಮತ್ತು ಸುರಕ್ಷತೆಯ ಹೊಣೆಯನ್ನು ನೇರವಾಗಿ ಕಾರ್ಖಾನೆ ನಡೆಸುವವರ ಹೆಗಲಿಗೆ ಹಾಕಿದರು. ಕಂಪನಿಯಾದರೆ ನಿರ್ದೇಶಕರೊಬ್ಬರು ಉತ್ತರ ಕೊಡಬೇಕು, ಮ್ಯಾನೇಜರನ್ನು ಮುಂದೆ ತಳ್ಳಿ ಪಾರಾಗುವಂತಿಲ್ಲ.

ಈಗ 2025ರ ನವೆಂಬರ್ 21ರಿಂದ ಈ ಹಳೆಯ ಕಾಯ್ದೆಗಳ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. ಒಳ್ಳೆಯದೂ ಇದೆ. ಪ್ರತಿಯೊಬ್ಬನಿಗೂ ನೇಮಕಾತಿ ಪತ್ರ ಕೊಡಬೇಕು. ಮಾಲೀಕ ಕರ್ತವ್ಯ ತಪ್ಪಿ ಯಾರಿಗಾದರೂ ತೀವ್ರ ಗಾಯವಾದರೆ ಒಂದು ವರ್ಷದವರೆಗೆ ಜೈಲು ಅಥವಾ ಎರಡರಿಂದ ನಾಲ್ಕು ಲಕ್ಷ ದಂಡ. ಸತ್ತರೆ ಎರಡು ವರ್ಷದವರೆಗೆ ಜೈಲು ಅಥವಾ ಐದು ಲಕ್ಷಕ್ಕೆ ಕಡಿಮೆಯಿಲ್ಲದ ದಂಡ. ಆ ದಂಡದಲ್ಲಿ ಅರ್ಧಕ್ಕಿಂತ ಕಡಿಮೆಯಾಗದಷ್ಟು ಹಣ ನೊಂದವರಿಗೆ ಹೋಗಲಿ ಎಂದು ಕೋರ್ಟು ಹೇಳಬಹುದು. ಆದರೆ ಕರೆಂಟು ಬಳಸುವ ಕಡೆ ‘ಕಾರ್ಖಾನೆ’ ಎನಿಸಿಕೊಳ್ಳಲು ಈಗ 20 ಜನ ಬೇಕು. ಮಾಲೀಕನ ಸಾಮಾನ್ಯ ಹೊಣೆ ಹತ್ತು ಜನರಿಂದಲೇ ಶುರುವಾಗುತ್ತದೆ, ನಿಜ. ಆದರೂ ನಮ್ಮಂಥ ಹದಿನೇಳು ಜನರ ಶೆಡ್ಡು ಇನ್ನು ಮುಂದೆ ಕಾರ್ಖಾನೆಯೇ ಅಲ್ಲ. ಬೆರಳು ಹೆಚ್ಚಾಗಿ ಹೋಗುವುದು ಇಂಥ ಶೆಡ್ಡುಗಳಲ್ಲೇ ಎಂಬುದನ್ನು ಕಣ್ಣಾರೆ ನೋಡಿದವನಾಗಿ ಹೇಳುತ್ತಿದ್ದೇನೆ: ಇದು ತಪ್ಪು. ತಲೆ ಎಣಿಸಿ ಕಾಯ್ದೆ ಹಚ್ಚಬಾರದು. ಪವರ್ ಪ್ರೆಸ್ ಇರುವ ಕಡೆ ಒಬ್ಬನೇ ಕೂತಿದ್ದರೂ ಗಾರ್ಡ್ ಕಡ್ಡಾಯವಾಗಬೇಕು, ಅಧಿಕಾರಿ ಹೇಳದೆ ಕೇಳದೆ ರಾತ್ರಿ ಪಾಳಿಗೆ ಬಂದು ನೋಡಬೇಕು.

ಸಣ್ಣ ಮಾಲೀಕರ ಕಷ್ಟ ನನಗೆ ಗೊತ್ತು. ಬಿಲ್ಲು ಮೂರು ತಿಂಗಳಿಗೆ ಬರುತ್ತದೆ, ಬ್ಯಾಂಕಿನ ಕಂತು ತಿಂಗಳು ತಿಂಗಳು ಕಟ್ಟಬೇಕು. ಆದರೂ ಕೇಳುತ್ತೇನೆ: ನಿಮ್ಮ ಮಗ ಕೂರುವ ಪ್ರೆಸ್ಸಾಗಿದ್ದರೆ ಆ ನಾಲ್ಕು ಬೋಲ್ಟು ಬಿಚ್ಚಿಸುತ್ತಿದ್ದಿರಾ?

ಪರಿಹಾರಕ್ಕೆ ಅರ್ಜಿ ಹಾಕಲು ಆ ಹುಡುಗನಿಗೆ ಎರಡು ವರ್ಷದ ಗಡುವಿತ್ತು. ಅದು ಮುಗಿದಿದೆ. ತಡವಾದದ್ದಕ್ಕೆ ತಕ್ಕ ಕಾರಣವಿದ್ದರೆ ಪರಿಹಾರ ಆಯುಕ್ತರು ಆಮೇಲೂ ಅರ್ಜಿ ತೆಗೆದುಕೊಳ್ಳಬಹುದು ಎಂದು 1923ರ ಆ ಕಾಯ್ದೆಯಲ್ಲಿತ್ತು. ಹೋದ ತಿಂಗಳು ಅವನಿಗೆ ಫೋನ್ ಮಾಡಿದೆ. ಊರಿನಲ್ಲಿ ಸೋದರಮಾವನ ಕಿರಾಣಿ ಅಂಗಡಿಯಲ್ಲಿ ಕೂರುತ್ತಾನೆ, ಎಡಗೈಯಲ್ಲಿ ಲೆಕ್ಕ ಬರೆಯುವುದನ್ನು ಕಲಿತಿದ್ದಾನೆ. ನಾನು ವಿಷಯ ಹೇಳಿದಾಗ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, “ಗಾರ್ಡ್ ಯಾರು ಬಿಚ್ಚಿದ್ರು ಅಂತ ಕೇಳಿದ್ರ ಏನು ಹೇಳೂಣ್ರಿ ಕಾಕಾ?” ಅಂದ.

ಅರ್ಜಿ ತಯಾರಾಗಿದೆ. ಸಾಕ್ಷಿಯ ಜಾಗದಲ್ಲಿ ನನ್ನ ಹೆಸರಿದೆ.