ಯಾವ ಊರ್ರೀ?
ಗೋಕಾಕ ಬಸ್ ನಿಲ್ದಾಣದ ಹತ್ತಿರ ಒಂದು ಕರದಂಟಿನ ಅಂಗಡಿ. ಗುಂಗುರು ಕೂದಲಿನ ಕಪ್ಪು ತರುಣನೊಬ್ಬ ಬಂದು ನಿಂತದ್ದೇ ತಡ, ಮಾಲೀಕರು ಬೆರಳೆತ್ತಿ ‘ಒನ್ ಕೇಜಿ? ಹಾಫ್ ಕೇಜಿ?’ ಎಂದರು. ‘ಅರ್ಧ ಕೇಜಿ ಕೊಡ್ರಿ ಅಣ್ಣಾರ, ತಾಜಾದ್ದು ನೋಡಿ ಕೊಡ್ರಿ’ ಅಂದ ಅವನು. ತಕ್ಕಡಿಯ ಮೇಲಿನ ಕೈ ಅಲ್ಲೇ ನಿಂತಿತು. ಮೂಡಲಗಿ, ಹುಕ್ಕೇರಿ ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ‘ಯಾವ ದೇಶದವರ್ರೀ?’ ಎಂದು ಹಿರಿಯರೊಬ್ಬರು ಕೇಳಿಯೇಬಿಟ್ಟರು. ‘ಖಾನಾಪುರ ತಾಲೂಕ್ರಿ ಅಜ್ಜಾರ.’ ಅಂದರೆ ನಮ್ಮದೇ ಬೆಳಗಾವಿ ಜಿಲ್ಲೆ! ಅವನು ಸಿದ್ದಿ ಸಮುದಾಯದವನು. ಸಿದ್ದಿಗಳ ಹಿರೀಕರು ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರು. ಅನೇಕರನ್ನು ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದಿದ್ದರು. ಅಲ್ಲಿಂದ ತಪ್ಪಿಸಿಕೊಂಡವರು ಯಲ್ಲಾಪುರ, ಹಳಿಯಾಳದ ಕಾಡು ಸೇರಿದರು. ಉತ್ತರ ಕನ್ನಡದ ಸಿದ್ದಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. ಬೆಳಗಾವಿ, ಧಾರವಾಡದವರು 2020ರವರೆಗೆ ಕಾಯಬೇಕಾಯಿತು. ಅದೇ ವರ್ಷ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಸರ್ಕಾರದ ಕಾಗದದಲ್ಲಿ ನಮ್ಮವರಾದವರು ಬಸ್ಸಿನ ಸೀಟಿನಲ್ಲಿ ಮಾತ್ರ ಇನ್ನೂ ಪರದೇಶಿಗಳು. ಅಜ್ಜನ ಕುತೂಹಲದಲ್ಲಿ ಕೆಡುಕೇನೂ ಇರಲಿಲ್ಲ, ನಿಜ. ಆದರೆ ಹುಟ್ಟಿದ ಜಿಲ್ಲೆಯಲ್ಲೇ ದಿನಕ್ಕೆ ಹತ್ತು ಸಲ ಅದೇ ಪ್ರಶ್ನೆಗೆ ಉತ್ತರ ಕೊಡುವವನ ಸಂಕಟವೇ ಬೇರೆ. ಮುಂದಿನ ಸಲ ಕೇಳಲೇಬೇಕೆನಿಸಿದರೆ, ಎಲ್ಲರನ್ನೂ ಕೇಳುವ ಹಾಗೆ ‘ಯಾವ ಊರ್ರೀ?’ ಎಂದಷ್ಟೇ ಕೇಳೋಣ.